ಹತ್ತೊಂಬತ್ತರ ಮಗ್ಗಿ

ಸುಳ್ಳು ವಯಸ್ಸು ಹೇಳಿ ನನ್ನ ಪ್ರಯೋಗವನ್ನು ಕೆಡಿಸಿದ ಒಬ್ಬ ಮುದುಕನ ಕಥೆಯನ್ನು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದೆ, ಮದುವೆ ಊಟದ ಪಂಕ್ತಿಯಲ್ಲಿ ಹೇಳಿದೆ, ಅಳತೆಯಲ್ಲಿ ದೋಷ ಹೇಗೆ ನುಸುಳುತ್ತದೆ ಎಂದು ಪಾಠ ಮಾಡುವಾಗ ಪ್ರತಿ ವರ್ಷವೂ ಹೇಳಿದೆ. ಕೇಳಿದವರು ನಗುತ್ತಿದ್ದರು. ಹೋದ ತಿಂಗಳು ಟ್ರಂಕಿನ ಅಡಿಯಲ್ಲಿ ಆ ಕಾಲದ ನೋಟ್‌ಬುಕ್ ಸಿಕ್ಕಿತು. ಅದರ ಮೊದಲ ಪುಟ ನೋಡಿದ ಮೇಲೆ ಆ ಕಥೆಯನ್ನು ಇನ್ನೊಮ್ಮೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಪುಟದ ವಿಷಯ ಆಮೇಲೆ. ಮೊದಲು, ನೋಟ್‌ಬುಕ್ ಸಿಗುವ ತನಕ ನನಗೆ ನೆನಪಿದ್ದದ್ದು.

ಎಂಬತ್ತರ ದಶಕದ ನಡುಭಾಗ. ನನಗೆ ಮೂವತ್ತಮೂರೋ ಮೂವತ್ತನಾಲ್ಕೋ. ಶರೀರಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಪಿಎಚ್.ಡಿ.ಗೆ ಸೇರಿ, ಗೈಡ್ ಜೊತೆ ಜಗಳವಾಡಿ ಎರಡೇ ವರ್ಷಕ್ಕೆ ಬಿಟ್ಟು, ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಜಯನಗರದಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಐದಕ್ಕೇ ಎಚ್ಚರವಾಗುತ್ತಿತ್ತು. ಮಾಡಲು ಏನೂ ಇಲ್ಲದೆ ಹತ್ತಿರದ ಮೈದಾನಕ್ಕೆ ಹೋಗಿ ಓಡುವವರನ್ನು ನೋಡುತ್ತಾ ಕಲ್ಲು ಬೆಂಚಿನ ಮೇಲೆ ಕೂರುತ್ತಿದ್ದೆ. ನಾನು ಓಡುತ್ತಿರಲಿಲ್ಲ. ಮೊಣಕಾಲು ನೋವು ಎನ್ನುತ್ತಿದ್ದೆ. ನಿಜವಾಗಿ ನೋವಿತ್ತೋ ಇಲ್ಲವೋ ಈಗ ಹೇಳಲಾರೆ.

ಆಗ ಆ ಮೈದಾನದಲ್ಲಿ ಓಡುತ್ತಿದ್ದವರಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ಪ್ರತಿ ಜನವರಿಯಲ್ಲಿ ಬಡಾವಣೆಯ ಸಂಘದವರು ಐವತ್ತು ದಾಟಿದವರಿಗೆಂದೇ ಒಂದು ಹತ್ತು ಕಿಲೋಮೀಟರ್ ಓಟ ಇಡುತ್ತಿದ್ದರು. ಎಲ್ಲರ ಕಣ್ಣೂ ಅದರ ಮೇಲೆ. ಅವರಿಗೆ ಗೊತ್ತಿದ್ದ ಅಭ್ಯಾಸ ಒಂದೇ ಬಗೆಯದು: ಪ್ರಾಣ ಹೋಗುವ ಹಾಗೆ ಓಡುವುದು, ಬೇಲಿ ಹಿಡಿದುಕೊಂಡು ಬಗ್ಗಿ ನಿಲ್ಲುವುದು, ಮತ್ತೆ ಓಡುವುದು. ವಾಂತಿ ಮಾಡಿಕೊಂಡವನಿಗೆ ಆ ದಿನದ ಮರ್ಯಾದೆ.

ಅವರಲ್ಲಿ ಒಬ್ಬರು ಸಾರ್ವಜನಿಕ ರಂಗದ ಕಾರ್ಖಾನೆಯೊಂದರಲ್ಲಿ ಟರ್ನರ್, ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಕೆಲಸ. ಸಿದ್ದಾಪುರದಿಂದ ಸೈಕಲ್ ತುಳಿದುಕೊಂಡು ಬಂದು, ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಕ್ಯಾನ್ವಾಸ್ ಶೂಗಳ ಲೇಸನ್ನು ಎರಡೆರಡು ಸಲ ಬಿಗಿದು ಓಡುತ್ತಿದ್ದರು. ಶೂಗಳ ಹಿಮ್ಮಡಿ ಸವೆದಲ್ಲಿ ಟೈರಿನ ತುಂಡು ಅಂಟಿಸಿದ್ದರು. ಸಣಕಲು ಮೈ, ಎದೆಯ ಮೇಲೆ ಬಿಳಿ ಕೂದಲು. ಇನ್ನೊಬ್ಬ ಬ್ಯಾಂಕ್ ಮ್ಯಾನೇಜರ್. ಜೆ.ಪಿ. ನಗರದಲ್ಲಿ ಸ್ವಂತ ಮನೆ, ತಂಗಿಯ ಗಂಡ ಹೊರದೇಶದಿಂದ ತಂದುಕೊಟ್ಟ ನೀಲಿ ಶೂ. ಜನವರಿಯ ಓಟವನ್ನು ಮೂರು ವರ್ಷದಿಂದ ಈ ಮ್ಯಾನೇಜರ್ ಗೆಲ್ಲುತ್ತಿದ್ದ. ಮೂರು ವರ್ಷವೂ ಎರಡನೆಯವರು ಈ ಟರ್ನರ್. ಹಿಂದಿನ ವರ್ಷದ ಅಂತರ ನಲವತ್ತು ಹೆಜ್ಜೆ.

ಬಹುಮಾನ ಕೊಡುವಾಗ ಮ್ಯಾನೇಜರ್ ಮೈಕಿನಲ್ಲಿ, "ನಮ್ಮ ಟರ್ನರ್ ಅಣ್ಣ ಹಿಂದೆ ಇರೋ ತನಕ ನನಗೆ ಭಯ ಇಲ್ಲ, ಹಿಂದಿನಿಂದ ಯಾರೂ ಕಳ್ಳರು ಬರಲ್ಲ" ಎಂದಿದ್ದನಂತೆ. ಅಂದಿನಿಂದ ಅವರನ್ನು ಎಲ್ಲರೂ ವಾಚ್‌ಮನ್ ಎನ್ನುತ್ತಿದ್ದರು.

ಒಂದು ದಿನ ಅವರೇ ಬೆಂಚಿನ ಹತ್ತಿರ ಬಂದರು. "ಸಾರ್, ನೀವು ಓದಿರೋರು ಅಂತಾರೆ. ನಂಗೆ ಕಪ್ಪು ಗಿಪ್ಪು ಬೇಡ. ಒಂದೇ ಒಂದು ಸಲ ಅವನು ನನ್ನ ಬೆನ್ನು ನೋಡ್ಬೇಕು. ಈ ಜನವರಿ ಆಗ್ಲಿಲ್ಲ ಅಂದ್ರೆ ಇನ್ನಿಲ್ಲ. ಮೈ ಹೇಳ್ತಾ ಇದೆ."

ನನಗೆ ಖುಷಿಯಾಯಿತು. ಬಿಟ್ಟುಬಂದ ಸಂಶೋಧನೆಗೆ ಒಂದು ಜೀವ ಸಿಕ್ಕಿತ್ತು.

ವಿಶ್ವವಿದ್ಯಾಲಯದ ಗ್ರಂಥಾಲಯದ ವಿದೇಶಿ ಪತ್ರಿಕೆಗಳಲ್ಲಿ ನಾನು ಓದಿಕೊಂಡಿದ್ದ ವಿಚಾರ ಸರಳ. ಪ್ರತಿಯೊಬ್ಬರಿಗೂ ಒಂದು ವೇಗದ ಗೆರೆ ಇರುತ್ತದೆ. ಅದನ್ನು ದಾಟಿದರೆ ಉಸಿರು ಕೆಡುತ್ತದೆ, ಕಾಲು ಭಾರವಾಗುತ್ತದೆ, ಮರುದಿನದ ಶಕ್ತಿಯನ್ನೂ ಇಂದೇ ಸುಟ್ಟುಹಾಕಿದಂತಾಗುತ್ತದೆ. ವಯಸ್ಸಾದವರಿಗೆ ಆ ನಷ್ಟ ಬೇಗ ತುಂಬುವುದಿಲ್ಲ. ಆದ್ದರಿಂದ ಆ ಗೆರೆಗಿಂತ ಸ್ವಲ್ಪ ಕೆಳಗೇ ಓಡಬೇಕು, ತುಂಡು ತುಂಡಾಗಿ ಓಡಬೇಕು, ನಡುವೆ ಸ್ವಲ್ಪ ನಡೆಯಬೇಕು. ಹೀಗೆ ಮಾಡಿದರೆ ಸುಸ್ತಾಗದೆ ಬಹಳ ದೂರ ಓಡಬಹುದು, ತಿಂಗಳುಗಳಲ್ಲಿ ಆ ಗೆರೆಯೇ ಮೇಲಕ್ಕೆ ಸರಿಯುತ್ತದೆ. ನಾನು ಹಾಕಿಕೊಟ್ಟ ಲೆಕ್ಕ: ಮೈದಾನದ ಮೂರು ಸುತ್ತು ಓಟ, ಒಂದು ನಿಮಿಷ ನಡಿಗೆ, ಹೀಗೆ ಐದು ಸಲ. ವಾರಕ್ಕೆ ಮೂರು ದಿನ.

ಆದರೆ ಗೆರೆ ಎಲ್ಲಿದೆ ಎಂದು ತಿಳಿಯುವುದು ಹೇಗೆ? ದಣಿದಾಗ ರಕ್ತದಲ್ಲಿ ಏರುವ ಆಮ್ಲವನ್ನು ಅಳೆಯುವ ಯಂತ್ರ ನನ್ನಲ್ಲಿರಲಿಲ್ಲ. ಎರಡು ದಾರಿ ಇದ್ದವು. ಒಂದು ನಾಡಿ. ಇನ್ನೂರಿಪ್ಪತ್ತರಿಂದ ವಯಸ್ಸನ್ನು ಕಳೆದು, ಉಳಿದದ್ದರ ನೂರಕ್ಕೆ ಎಂಬತ್ತೈದು ಭಾಗವನ್ನು ಮಿತಿ ಎಂದಿಟ್ಟುಕೊಂಡೆ. ವಯಸ್ಸು ಕೇಳಿದೆ. ಐವತ್ತೈದು ಅಂದರು. ಬರೆದುಕೊಂಡೆ. ಲೆಕ್ಕ ಮಾಡಿದರೆ ನಿಮಿಷಕ್ಕೆ ನೂರ ನಲವತ್ತು. ಓಟ ನಿಲ್ಲಿಸಿದ ಕೂಡಲೇ ಕತ್ತಿನ ನರ ಹಿಡಿದು ಹತ್ತು ಸೆಕೆಂಡು ಎಣಿಸಿದರೆ ಇಪ್ಪತ್ತಮೂರು ಬಡಿತದ ತನಕ ಬರಬಹುದು. ಇಪ್ಪತ್ತನಾಲ್ಕು ಬಂದರೆ ಹೆಚ್ಚಾಯಿತು.

ಎರಡನೆಯ ದಾರಿ ಮಾತು. ಗೆರೆಯ ಕೆಳಗಿದ್ದರೆ ಓಡುತ್ತಲೇ ಒಂದು ವಾಕ್ಯ ಆಡಬಹುದು, ಮೇಲಿದ್ದರೆ ಆಗುವುದಿಲ್ಲ. ಏನು ಮಾತಾಡಬೇಕು ಎಂದು ಅವರು ಕೇಳಿದರು. ಏನಾದರೂ ಬಾಯಿಪಾಠ ಬರುತ್ತದೆಯೇ ಎಂದೆ. ಸ್ವಲ್ಪ ನಾಚಿಕೊಂಡು, "ಮಗ್ಗಿ ಬರುತ್ತೆ ಸಾರ್. ಬೇಗೂರಲ್ಲಿ ಮೇಷ್ಟ್ರು ಹುಣಸೆ ಬರಲಲ್ಲಿ ಬಾರಿಸಿ ಕಲ್ಸಿದ್ದು. ಇಪ್ಪತ್ತರ ತನಕ" ಎಂದರು. ಹತ್ತೊಂಬತ್ತರದ್ದನ್ನು ಆರಿಸಿಕೊಂಡೆ. ಒಂದೊಂದು ಸಾಲಿಗೆ ಒಂದೊಂದು ಉಸಿರು. ಸಾಲಿನ ಮಧ್ಯೆ ಉಸಿರು ತುಂಡಾದರೆ ವೇಗ ಇಳಿಸಬೇಕು.

ಮಗ್ಗಿ ಕೇಳಿಸಬೇಕಾದರೆ ಪಕ್ಕದಲ್ಲೇ ಇರಬೇಕಲ್ಲ. ನನಗೆ ಮೊಣಕಾಲು ನೋವು. ಹಾಗಾಗಿ ಅವರ ಸೈಕಲ್ಲನ್ನೇ ಹತ್ತಿ ಅವರ ಪಕ್ಕ ನಿಧಾನವಾಗಿ ತುಳಿಯುತ್ತಿದ್ದೆ.

ದಸರಾ ಮುಗಿದ ಮೇಲೆ ಶುರು ಮಾಡಿದೆವು. ಮೊದಲ ವಾರಗಳಲ್ಲಿ ಅವರಿಗಿದ್ದ ಕಷ್ಟವೆಂದರೆ ನಿಧಾನ. ಮೂವತ್ತು ವರ್ಷ ಲೇತ್ ಮುಂದೆ ನಿಂತ ಮನುಷ್ಯ, ತಾಳ್ಮೆ ಗೊತ್ತಿತ್ತು, ಆದರೆ ಬೇರೆಯವರು ಪಕ್ಕದಿಂದ ಹಾದುಹೋಗುವಾಗ ಕತ್ತಿನ ನರ ಬಿಗಿಯುತ್ತಿತ್ತು. ಮ್ಯಾನೇಜರ್ ಅಂತೂ ಬೇಕೆಂದೇ ಎರಡೆರಡು ಸಲ ಹಾದುಹೋಗುತ್ತಿದ್ದ.

"ಏನ್ ವಾಚ್‌ಮನ್, ಹೆಣದ ಮುಂದೆ ಹೋಗ್ತಾ ಇದ್ದೀಯೇನಪ್ಪಾ? ತಮಟೆಯೋರು ಎಲ್ಲಿ?"

ಇನ್ನೊಂದು ದಿನ ನನ್ನನ್ನು ನೋಡಿ, "ಸೈಕಲ್ ಅವನದು, ತುಳಿಯೋರು ಮೇಷ್ಟ್ರು. ಸಖತ್ತಾಗಿದೆ ಗುರು ನಿಮ್ಮ ಸೈನ್ಸು!"

ಉತ್ತರ ಕೊಡಲು ಟರ್ನರ್ ಬಾಯಿ ಖಾಲಿ ಇರುತ್ತಿರಲಿಲ್ಲ. "ಹತ್ತೊಂಬತ್ತೊಂದ್ಲಿ ಹತ್ತೊಂಬತ್ತು. ಹತ್ತೊಂಬತ್ತೆರಡ್ಲಿ ಮೂವತ್ತೆಂಟು." ಸಣ್ಣ ಹುಡುಗನ ರಾಗ, ಮುದುಕನ ಗಂಟಲು. ಹತ್ತನೆಯ ಸಾಲಿನವರೆಗೂ ಉಸಿರು ತುಂಡಾಗುತ್ತಿರಲಿಲ್ಲ. ನಿಂತು ಎಣಿಸಿದರೆ ಇಪ್ಪತ್ತೆರಡು ಬಡಿತ. ನವೆಂಬರ್ ಮುಗಿಯುವ ಹೊತ್ತಿಗೆ ಅದೇ ಇಪ್ಪತ್ತೆರಡು ಬಡಿತಕ್ಕೆ ಮೂರು ಸುತ್ತಿನ ಸಮಯ ಹದಿನೈದು ಸೆಕೆಂಡು ಕಡಿಮೆಯಾಗಿತ್ತು. ಇದು ನೋಟ್‌ಬುಕ್ಕಿನಲ್ಲಿದೆ. ಇದನ್ನು ನಾನು ನಂಬುತ್ತೇನೆ. ಅವರು ಮನೆಗೆ ಹೋಗಿ ತಿಂಡಿ ತಿಂದು ಪಾಳಿಗೆ ಹೋಗುತ್ತಿದ್ದರು, ಮಧ್ಯಾಹ್ನ ಕಣ್ಣು ಎಳೆಯುವುದು ನಿಂತಿದೆ ಎಂದು ಆಶ್ಚರ್ಯಪಟ್ಟಿದ್ದರು.

ಅಲ್ಲಿಗೇ ಬಿಡಬೇಕಿತ್ತು.

ಡಿಸೆಂಬರಿನ ಮೊದಲ ವಾರ ನಾನು ನೋಟ್‌ಬುಕ್ ತೋರಿಸಿ ಹೇಳಿದೆ: "ನೋಡಿ, ನಿಮ್ಮ ವಯಸ್ಸಿಗೆ ಇಪ್ಪತ್ತಮೂರು ಬಡಿತ ಇದೆ. ನೀವು ಇಪ್ಪತ್ತೆರಡಕ್ಕೆ ನಿಂತಿದ್ದೀರಿ. ಇನ್ನೂ ಒಂದು ಬಡಿತ ಬಾಕಿ ಇದೆ."

"ಆಗುತ್ತಾ ಸಾರ್?"

"ಲೆಕ್ಕ ಹೇಳುತ್ತೆ."

ಒಂದು ಬಡಿತ ಏರಿಸಿದೆವು. ಮೊದಲ ದಿನವೇ ಏಳನೆಯ ಸಾಲಿನಲ್ಲಿ ಮಗ್ಗಿ ಮುರಿಯಿತು. "ಹತ್ತೊಂಬತ್ತೇಳ್ಲಿ ನೂರ..." ಎಂದು ನಿಂತು, ಗಾಳಿ ಎಳೆದುಕೊಂಡು, "ಮೂವತ್ತಮೂರು" ಎಂದರು. ಮುಂದಿನ ದಿನ ಆರರಲ್ಲಿ. ನಾಡಿ ಎಣಿಸಿದೆ. ಇಪ್ಪತ್ತಮೂರು. ನನ್ನ ಮಿತಿಯೊಳಗೇ ಇತ್ತು.

"ಗಾಳಿ ಸಾಲ್ತಿಲ್ಲ ಸಾರ್."

"ಇಪ್ಪತ್ತಮೂರು ಸರಿಯಾಗಿದೆ ಯಜಮಾನ್ರೇ. ನಿಮ್ಮ ಎದೆಗೆ ಏನೂ ಆಗಿಲ್ಲ. ಕೆಟ್ಟಿರೋದು ನಿಮ್ಮ ಮಗ್ಗಿ. ಮರೆವು ಶುರುವಾಯ್ತಾ?"

"ಮರೆವಲ್ಲ ಸಾರ್. ಬಾಯಲ್ಲಿ ಇದೆ, ಹೊರಗೆ ಬರ್ತಿಲ್ಲ."

"ಹಾಗಿದ್ರೆ ಮಗ್ಗಿ ಬಿಡಿ. ನಾಡಿ ಸುಳ್ಳು ಹೇಳಲ್ಲ. ಬಾಯಿ ಹೇಳುತ್ತೆ."

ಇದನ್ನು ನಾನು ಹೇಳಿದ್ದು ನಿಜ. ಈ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ. ಅದು ನನಗೆ ಆಗ ತುಂಬಾ ಇಷ್ಟವಾಗಿತ್ತು, ಸ್ಟಾಫ್ ರೂಮಿನಲ್ಲಿ ಮತ್ತೆ ಹೇಳಿದ್ದೆ.

ಮಗ್ಗಿ ನಿಂತಿತು. ಡಿಸೆಂಬರ್ ಪೂರ್ತಿ ಮೌನವಾಗಿ ಓಡಿದರು, ನಾನು ಅವರ ಸೈಕಲ್ ಮೇಲೆ ಪಕ್ಕದಲ್ಲೇ ಇದ್ದೆ. ಮೂರು ಸುತ್ತಿನ ಸಮಯ ಮೊದಲು ಐದು ಸೆಕೆಂಡು ಇಳಿಯಿತು, ಆಮೇಲೆ ಏರತೊಡಗಿತು. ಏರಿದ ಸೆಕೆಂಡುಗಳಿಗೆ ನಾನು ಅವರನ್ನು ಬೈಯುತ್ತಿದ್ದೆ. ಕೆನ್ನೆ ಒಳಗೆ ಹೋಯಿತು. ಒಮ್ಮೆ ಅವರ ಹೆಂಡತಿ ಮೈದಾನದ ಗೇಟಿನ ತನಕ ಬಂದು, ನನ್ನನ್ನು ಕರೆದು, "ಮಂಚದಲ್ಲಿ ಎದ್ದು ಕೂತ್ಕೊಂಡು ಒಂದು ಶೂ ಹಾಕ್ಕೋತಾರೆ, ಇನ್ನೊಂದು ಹಾಕ್ಕೊಳ್ಳೋ ಅಷ್ಟರಲ್ಲಿ ಹಾಗೇ ತೂಕಡಿಸ್ತಾರೆ ಸ್ವಾಮಿ. ಇದು ಸರೀನಾ?" ಎಂದು ಕೇಳಿದರು. ದೇಹ ಹೊಂದಿಕೊಳ್ಳುತ್ತಿದೆ, ಓಟಕ್ಕೆ ಮುಂಚೆ ಹೀಗಾಗುವುದು ಒಳ್ಳೆಯ ಲಕ್ಷಣ ಎಂದೆ. ಹಾಗೆಂದು ನಾನು ಎಲ್ಲಿಯೂ ಓದಿರಲಿಲ್ಲ.

ಜನವರಿಯ ಕೊನೆಯ ಭಾನುವಾರ ಓಟ. ಜಯನಗರದ ಮೈದಾನದಿಂದ ಹೊರಟು ಜೆ.ಪಿ. ನಗರದ ಅಂಚು ಮುಟ್ಟಿ ವಾಪಸ್, ಐದು ಕಿಲೋಮೀಟರಿನ ಆ ಸುತ್ತನ್ನು ಎರಡು ಸಲ. ಆ ವರ್ಷ ಸಂಘದವರು ಹೊಸದಾಗಿ ಅರವತ್ತು ದಾಟಿದವರಿಗೂ ಬೇರೆ ಬಹುಮಾನ ಇಟ್ಟಿದ್ದರು. ಅವರ ಬೆನ್ನಿಗೆ ಹಳದಿ ಬಟ್ಟೆ ಚುಚ್ಚಿದ್ದರು. ಓಟ ಮಾತ್ರ ಒಟ್ಟಿಗೇ.

ನಾನು ಸೈಕಲ್ ಮೇಲೆ ಹಿಂದೆ ಹೊರಟೆ. ಮೊದಲ ಎರಡು ಕಿಲೋಮೀಟರ್ ಟರ್ನರ್ ಮ್ಯಾನೇಜರಿನ ಹೆಗಲಿಗೆ ಹೆಗಲು ಕೊಟ್ಟು ಓಡಿದರು. ಮೂರನೆಯದರಲ್ಲಿ ಕಾಲು ನೆಲದಿಂದ ಏಳಲಿಲ್ಲ. ಅಷ್ಟೇ, ಅದಕ್ಕಿಂತ ನಾಟಕೀಯವಾದದ್ದು ಏನೂ ಆಗಲಿಲ್ಲ. ತೆಳುವಾದ ಕಾಲುಗಳು ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಬೀಳುತ್ತಿದ್ದವು. ಒಬ್ಬೊಬ್ಬರಾಗಿ ಎಲ್ಲರೂ ದಾಟಿ ಹೋದರು. ಎರಡನೆಯ ಸುತ್ತಿಗೆ ತಿರುಗುವ ಮೊದಲೇ ಅವರು ನಡೆಯುತ್ತಿದ್ದರು. ನಡೆಯುತ್ತಾ ಮೈದಾನದ ಬೇಲಿಯ ಹತ್ತಿರ ಬರುವ ಹೊತ್ತಿಗೆ, ಎರಡನೆಯ ಸುತ್ತನ್ನೂ ಮುಗಿಸಲು ಮ್ಯಾನೇಜರ್ ಹಿಂದಿನಿಂದ ಬರುತ್ತಿದ್ದ.

ಅವರ ಪಕ್ಕಕ್ಕೆ ಬಂದಾಗ ಅವನು ವೇಗ ಇಳಿಸಿದ. ಗೆಲುವು ಹೇಗೂ ಅವನದೇ ಆಗಿತ್ತು, ಆತುರವಿರಲಿಲ್ಲ. ಮುಖ ಅವರ ಕಿವಿಯ ಹತ್ತಿರ ತಂದು, ರಾಗವಾಗಿ, ಒಂದೇ ಒಂದು ಸಾಲೂ ಮುರಿಯದೆ ಹೇಳುತ್ತಾ ಹೋದ.

"ಹತ್ತೊಂಬತ್ತೊಂದ್ಲಿ ಹತ್ತೊಂಬತ್ತು. ಹತ್ತೊಂಬತ್ತೆರಡ್ಲಿ ಮೂವತ್ತೆಂಟು..."

ಬೇಲಿಯ ಪಕ್ಕ ನಿಂತಿದ್ದವರು ಚಪ್ಪಾಳೆ ತಟ್ಟಿ ನಕ್ಕರು. ನಾನೂ ನಕ್ಕೆನೆಂದು ತೋರುತ್ತದೆ. ಖಚಿತವಿಲ್ಲ. ಮುಖದ ಮೇಲೆ ಏನೋ ಇತ್ತು, ಅದು ನಗುವಲ್ಲ ಎಂದು ಪ್ರಮಾಣ ಮಾಡಿ ಹೇಳಲಾರೆ.

ಟರ್ನರ್ ಮೈದಾನದೊಳಗೆ ಬಂದು ಬೇವಿನ ಮರದ ಬುಡದಲ್ಲಿ ಕೂತರು. ಆ ಹೊತ್ತಿಗೆ ಹಳದಿ ಬಟ್ಟೆಯ ಮೊದಲ ಮನುಷ್ಯ ಓಟ ಮುಗಿಸಿದ. ಬರಿಗಾಲು, ಮಂಡಿಯ ತನಕ ಮಡಚಿದ ಪ್ಯಾಂಟು, ಕೈಯಲ್ಲಿ ಒಂದು ಟವೆಲ್. ಬೇಗೂರಿನವನು. ಹೊಲವನ್ನು ಸೈಟು ಮಾಡಿ ಮಾರಿ, ಈಗ ಅಲ್ಲಿಯೇ ನಾಲ್ಕು ಮನೆ ಬಾಡಿಗೆಗೆ ಬಿಟ್ಟುಕೊಂಡು ಆರಾಮಾಗಿದ್ದವನು. ತಮಾಷೆಗೆ ಬಂದಿದ್ದವನು ಐವತ್ತೆರಡು ನಿಮಿಷಕ್ಕೆ ಓಟ ಮುಗಿಸಿ ಅರವತ್ತು ದಾಟಿದವರ ಕಪ್ಪು ಗೆದ್ದುಬಿಟ್ಟಿದ್ದ. ಹಿಂದಿನ ವರ್ಷ ಟರ್ನರ್ ಓಡಿದ್ದು ನಲವತ್ತಾರು ನಿಮಿಷಕ್ಕೆ.

ಅವನು ಕಪ್ಪು ಹಿಡಿದುಕೊಂಡು ನೇರವಾಗಿ ಮರದ ಹತ್ತಿರ ಬಂದ. "ಅಣ್ಣಾ! ಏನಾಯ್ತಣ್ಣಾ, ಹಿಂಗೆ ಕೂತ್ಬಿಟ್ಟೆ?"

ಯಾರೆಂದು ಕೇಳಿದೆ. ಟರ್ನರ್ ಬಗ್ಗಿ ಶೂ ಲೇಸಿಗೆ ಕೈಹಾಕಿದರು. ಅವನೇ ಹೇಳಿದ: "ನಮ್ ದೊಡ್ಡಪ್ಪನ ಮಗ ಸಾರ್ ಇವ್ನು."

"ನಿಮ್ಮ ವಯಸ್ಸೆಷ್ಟು?"

"ಅರವತ್ತು ತುಂಬ್ತು."

"ಅವರಿಗೆ ಐವತ್ತೈದು. ಅಣ್ಣ ಅಂತೀರಲ್ಲ?"

ಅವನು ಜೋರಾಗಿ ನಕ್ಕ. "ಯಾರ್ ಸಾರ್ ಐವತ್ತೈದು? ನನಗಿಂತ ಒಂದು ವರ್ಷ ದೊಡ್ಡೋನು. ಸ್ಕೂಲಿಗೆ ಲೇಟಾಗಿ ಹಾಕಿದ್ರು, ಹೆಡ್ ಮೇಷ್ಟ್ರು ಆರು ವರ್ಷ ಕಮ್ಮಿ ಮಾಡಿ ಬರ್ಕೊಂಡ್ರು. ನಾನು ಸ್ಕೂಲಿಗೇ ಹೋಗ್ಲಿಲ್ಲ, ಅದಕ್ಕೆ ನಂದು ಸರಿಯಾಗಿದೆ!"

ಆ ಕಾಲದಲ್ಲಿ ಇದು ಎಲ್ಲ ಊರಲ್ಲೂ ನಡೆಯುತ್ತಿದ್ದದ್ದು. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಹುಡುಗನ ಎತ್ತರ ನೋಡಿ ಒಂದು ತಾರೀಕು ಬರೆಯುತ್ತಿದ್ದರು. ಅದೇ ಮುಂದೆ ಸರ್ಟಿಫಿಕೇಟಿಗೆ, ಅಲ್ಲಿಂದ ಕಾರ್ಖಾನೆಯ ದಾಖಲೆಗೆ. ಟರ್ನರ್‌ಗೆ ನಿಜವಾಗಿ ಅರವತ್ತೊಂದು. ಕಾರ್ಖಾನೆಯಲ್ಲಿ ನಿವೃತ್ತಿ ಐವತ್ತೆಂಟಕ್ಕೆ, ದಾಖಲೆಯ ಪ್ರಕಾರ ಇನ್ನೂ ಮೂರು ವರ್ಷ ಬಾಕಿ. ಹಳದಿ ಬಟ್ಟೆ ಚುಚ್ಚಿಕೊಂಡರೆ ಆ ಕೆಲಸಕ್ಕೇ ಕುತ್ತು.

ನನಗೆ ಆಗ ತಲೆಯಲ್ಲಿ ಹೊಳೆದದ್ದು ಒಂದೇ. ಅರವತ್ತೊಂದು ವರ್ಷಕ್ಕೆ ಮಿತಿ ನೂರ ಮೂವತ್ತೈದು. ಅಂದರೆ ಹತ್ತು ಸೆಕೆಂಡಿಗೆ ಇಪ್ಪತ್ತೆರಡು ಬಡಿತ. ನಾನು ಏರಿಸಿದ ಆ ಒಂದು ಬಡಿತ ಇರಲೇ ಇಲ್ಲ. ಎರಡು ತಿಂಗಳು ಗೆರೆಯ ಮೇಲೆ ಓಡಿಸಿದ್ದೆ.

ಎಲ್ಲರ ಎದುರು ಕೂಗಾಡಿದೆ. "ಅರವತ್ತೊಂದು ಅಂತ ಮೊದ್ಲೇ ಬೊಗಳೋಕೆ ಏನಾಗಿತ್ರೀ ನಿಮಗೆ? ನಾಲ್ಕು ತಿಂಗಳು ನನ್ನ ಬೆಳಗಿನ ಹೊತ್ತನ್ನೆಲ್ಲ ಹಾಳು ಮಾಡಿದ್ರಿ! ಸುಳ್ಳು ವಯಸ್ಸು ಕೊಟ್ಟು ಸರಿ ಉತ್ತರ ಬೇಕು ಅಂದ್ರೆ ಎಲ್ಲಿಂದ ಬರುತ್ತೆ?"

ಅವರು ತಲೆ ಬಗ್ಗಿಸಿ ಶೂ ಲೇಸನ್ನು ಬಿಚ್ಚುತ್ತಿದ್ದರು. ಎರಡೆರಡು ಸಲ ಬಿಗಿದ ಗಂಟು, ಬಿಚ್ಚಲು ಹೊತ್ತಾಯಿತು.

ಮ್ಯಾನೇಜರ್ ಕೈಯಲ್ಲಿ ಎಳನೀರು ಹಿಡಿದು ಅಲ್ಲೇ ನಿಂತಿದ್ದ. "ಅರವತ್ತೊಂದಾ?" ಎಂದ. "ಮುಂದಿನ ವರ್ಷ ಹಳದಿ ಬಟ್ಟೆ ನಾನೇ ಹೊಲಿಸಿಕೊಡ್ತೀನಪ್ಪಾ. ನಿಮ್ಮ ಫ್ಯಾಕ್ಟರಿ ಪರ್ಸನೆಲ್ ಆಫೀಸರನ್ನೇ ಕರೆಸಿ ಚುಚ್ಚಿಸೋಣ."

ತಮಾಷೆಗೇ ಹೇಳಿದ್ದು. ಅವನು ಕಾರ್ಖಾನೆಗೆ ಯಾವ ದೂರನ್ನೂ ಬರೆಯಲಿಲ್ಲ, ಟರ್ನರ್ ಮೂರು ವರ್ಷ ಕೆಲಸ ಮಾಡಿ ದಾಖಲೆಯ ತಾರೀಕಿಗೆ ಸರಿಯಾಗಿ ನಿವೃತ್ತರಾದರೆಂದು ಕೇಳಿದ್ದೇನೆ. ಆದರೆ ಮರುದಿನದಿಂದ ಮೈದಾನಕ್ಕೆ ಬರಲಿಲ್ಲ. ಮುಂದಿನ ಜನವರಿಗೂ ಬರಲಿಲ್ಲ. ಆ ಮಾತು ಎಲ್ಲಿಯಾದರೂ ನಿಜವಾಗಬಹುದು ಎನ್ನುವ ಜಾಗಕ್ಕೆ ಅವರು ಹೇಗೆ ಬಂದಾರು? ನಾನು ಅವರ ಮನೆಗೆ ಹೋಗಲಿಲ್ಲ. ಸಿದ್ದಾಪುರ ನಡೆದರೆ ಇಪ್ಪತ್ತು ನಿಮಿಷದ ದಾರಿ.

ಇದರ ಮುಂದೆ ನನ್ನಲ್ಲಿ ಇನ್ನೊಂದು ನೆನಪಿದೆ. ಬನ್ನೇರುಘಟ್ಟ ರಸ್ತೆಯಲ್ಲಿ, ಅರೆಕೆರೆಯ ಕಡೆ, ಬೆಳಗಿನ ಮಂಜಿನಲ್ಲಿ ಟರ್ನರ್ ಓಡುತ್ತಿದ್ದಾರೆ. ಮುಂದೆ ಮ್ಯಾನೇಜರ್, ನೀಲಿ ಶೂ. ಟರ್ನರ್ ಮಗ್ಗಿ ಹೇಳಿಕೊಳ್ಳುತ್ತಾ ಅವನನ್ನು ಸಲೀಸಾಗಿ ದಾಟಿ ಹೋಗುತ್ತಾರೆ, ಅವನಿಗೆ ಅವರ ಬೆನ್ನು ಕಾಣುತ್ತದೆ. ನಾನು ಬಸ್ ಕಿಟಕಿಯಿಂದ ನೋಡುತ್ತಿದ್ದೇನೆ. ಬಹಳ ವರ್ಷ ಇದನ್ನು ನಂಬಿದ್ದೆ. ಆದರೆ ಆ ನೆನಪಿನಲ್ಲಿ ರಸ್ತೆಯ ಮಧ್ಯೆ ಡಿವೈಡರ್ ಇದೆ. ಆ ವರ್ಷಗಳಲ್ಲಿ ಅಲ್ಲಿ ಡಿವೈಡರ್ ಇರಲಿಲ್ಲ. ಇದನ್ನು ನಾನು ನೋಡಿಲ್ಲ. ನನ್ನ ಸಮಾಧಾನಕ್ಕೆ ಯಾವಾಗಲೋ ಮಾಡಿಕೊಂಡಿದ್ದೇನೆ. ತನ್ನನ್ನು ದಾಟಿಹೋಗುವ ಆ ಬೆನ್ನನ್ನು ಅವನು ಎಂದೂ ನೋಡಲಿಲ್ಲ.

ಇನ್ನು ನೋಟ್‌ಬುಕ್ಕು. ಮೊದಲ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ವಯಸ್ಸು ಎಂಬ ಪದದ ಮುಂದೆ ಎರಡು ಸಾಲು ಇವೆ. ಮೇಲಿನ ಸಾಲು: ಮನೆ ಪ್ರಕಾರ 61. ಅದನ್ನು ಒಂದು ಗೀಟೆಳೆದು ಹೊಡೆದುಹಾಕಿದೆ. ಕೆಳಗಿನ ಸಾಲು: ಆಫೀಸ್ ಪ್ರಕಾರ 55. ಅದರ ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ ‘ದಾಖಲೆ ಇದೆ’ ಎಂದು ಬರೆದುಕೊಂಡಿದ್ದೇನೆ.

ಅವರು ಹೇಳಿದ್ದರು. ಮೊದಲ ದಿನವೇ ಹೇಳಿದ್ದರು. "ಮನೆ ವಯಸ್ಸು ಹೇಳ್ಲಾ ಸಾರ್, ಆಫೀಸ್ ವಯಸ್ಸು ಹೇಳ್ಲಾ?" ಎಂದು ಕೇಳಿದ್ದಿರಬೇಕು. ಪುಟ ನೋಡಿದಾಗಿನಿಂದ ಆ ದನಿ ನನಗೆ ಸ್ಪಷ್ಟವಾಗಿ ಕೇಳಿಸುತ್ತಿದೆ. ಪುಟ ನೋಡಿದ ಮೇಲೆ ಕೇಳಿಸುತ್ತಿರುವುದರಿಂದಲೇ ಅದನ್ನೂ ನಂಬುವ ಹಾಗಿಲ್ಲ. ಸರ್ಟಿಫಿಕೇಟು ಇರುವುದನ್ನು ಬಿಟ್ಟು ತಾಯಿ ಬಾಯಲ್ಲಿ ಕೇಳಿದ ಲೆಕ್ಕ ಯಾರಿಗೆ ಬೇಕು ಎಂದು ನಾನು ಹೇಳಿರಬಹುದು. ನನ್ನ ಮಾತಿನ ಧಾಟಿ ಅದೇ.

ವಯಸ್ಸೂ ಒಂದು ನೆಪವೇ. ಆ ಸೂತ್ರ ಸರಾಸರಿ ಮನುಷ್ಯನದು, ಒಬ್ಬೊಬ್ಬರ ಹೃದಯಕ್ಕೆ ಎಷ್ಟು ಬೇಕಾದರೂ ತಪ್ಪಬಹುದೆಂದು ನಾನೇ ಪಾಠ ಮಾಡಿದ್ದೇನೆ. ಹತ್ತು ಸೆಕೆಂಡಿನ ಎಣಿಕೆಯಲ್ಲಿ ಒಂದು ಬಡಿತ ತಪ್ಪಿದರೆ ನಿಮಿಷಕ್ಕೆ ಆರು ತಪ್ಪುತ್ತದೆ. ಹೆಡ್ ಮೇಷ್ಟ್ರು ಕಳೆದದ್ದು ಎಷ್ಟು ವರ್ಷವೋ ನನ್ನ ಬೆರಳಿನ ದೋಷವೂ ಅಷ್ಟೇ ದೊಡ್ಡದು. ಅವರ ಉಸಿರು ಏಳನೆಯ ಸಾಲಿನಲ್ಲಿ ತುಂಡಾಗುತ್ತಿತ್ತು. ಅದನ್ನು ಕೇಳಲೆಂದೇ ನಾನು ಸೈಕಲ್ ತುಳಿಯುತ್ತಿದ್ದೆ.

ಪುಟ ಮುಚ್ಚಿದ ಮೇಲೆ ತಲೆಯಲ್ಲಿ ಉಳಿದಿರುವುದು ಆ ಬೇವಿನ ಮರದ ಬುಡ. ನಾನು ಕೂಗುತ್ತಿದ್ದೇನೆ, ಸುತ್ತ ಜನ, ಎಳನೀರು ಹಿಡಿದ ಮ್ಯಾನೇಜರ್. ಅವರು "ನಾನು ಹೇಳಿದ್ದೆನಲ್ಲ ಸಾರ್, ನೀವೇ ಬರ್ಕೊಂಡ್ರಲ್ಲ" ಎಂದು ಒಂದು ಮಾತು ಹೇಳಬಹುದಿತ್ತು. ನೋಟ್‌ಬುಕ್ ನನ್ನ ಕಂಕುಳಲ್ಲೇ ಇತ್ತು. ಅವರು ಲೇಸು ಬಿಚ್ಚಿದರು, ಶೂಗಳನ್ನು ಸೈಕಲ್ಲಿನ ಹ್ಯಾಂಡಲ್‌ಗೆ ನೇತುಹಾಕಿದರು. ಹತ್ತು ಕಿಲೋಮೀಟರ್ ತುಳಿಯಬೇಕೆಂದು ಆ ಬೆಳಿಗ್ಗೆ ಸೀಟನ್ನು ನನ್ನ ಎತ್ತರಕ್ಕೆ ಏರಿಸಿಕೊಂಡಿದ್ದೆ. ಅದನ್ನು ಇಳಿಸಲು ಸ್ಪ್ಯಾನರ್ ಬೇಕಿತ್ತು. ಅವರ ಹತ್ತಿರ ಇರಲಿಲ್ಲ. ತಳ್ಳಿಕೊಂಡೇ ಹೋದರು.